ಕೆಂಪು ಶಾಯಿಯ ಆರುನೂರ ನಲವತ್ತು ಟ್ಯೂಬುಗಳು

ಮಾನ್ಯ ವಿಲೇವಾರಿ ಅಧಿಕಾರಿಗಳೇ,

ಬರುವ ಗುರುವಾರ ಬೇಯಿಸಿ ಸಾಯಿಸಬೇಕೆಂದು ನೀವು ನನಗೆ ಆದೇಶ ಕಳಿಸಿರುವ ಸೂಕ್ಷ್ಮಜೀವಿಗಳಲ್ಲಿ ಆರುನೂರ ನಲವತ್ತನ್ನು ಇದುವರೆಗೆ ಯಾರೂ ಓದಿಲ್ಲ. ನಿಮ್ಮ ಆದೇಶದಲ್ಲಿ ‘ಎಲ್ಲವನ್ನೂ ಓದಿ ಆಗಿದೆ, ಬರಹ ಕಂಪ್ಯೂಟರಿನಲ್ಲಿ ಭದ್ರವಾಗಿದೆ’ ಎಂದಿದೆ. ಅದು ಸುಳ್ಳು. ಬೇಕೆಂದು ಹೇಳಿದ ಸುಳ್ಳಲ್ಲ ಎಂದು ನಂಬಿದ್ದೇನೆ. ಆದರೆ ನಾಳೆ ಆಸ್ಪತ್ರೆಯಲ್ಲಿ ಸಾಯುವವರಿಗೆ ಆ ವ್ಯತ್ಯಾಸದಿಂದ ಏನು ಉಪಯೋಗ?

ಇದನ್ನೆಲ್ಲ ಹೇಳಲು ನೀನು ಯಾರು ಎಂದು ಕೇಳುತ್ತೀರಿ. ನಿಮ್ಮ ಸಂಶೋಧನಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ತೊಳೆಯುವವಳು. ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಅಕ್ಷರ ದುಂಡಗಿದೆ ಎಂದು ಟ್ಯೂಬುಗಳ ಮೇಲೆ ನಂಬರು ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ಚರಂಡಿಯ ಕೆಸರು, ಗೋಡೆಯ ಪಾಚಿ, ಪಾಳುಬಾವಿಯ ತಳದ ಮಣ್ಣು, ಹೀಗೆ ಎಲ್ಲೆಲ್ಲಿಂದಲೋ ಹಿಡಿದು ತಂದ ಜೀವಿಗಳು ಅವು. ಮೊದಲ ಫ್ರೀಜರಿನವಕ್ಕೆ ಕೆಂಪು ಶಾಯಿಯಲ್ಲಿ ಒಂದರಿಂದ ಆರುನೂರ ನಲವತ್ತರವರೆಗೆ ಬರೆದೆ. ಎರಡನೆಯ ಫ್ರೀಜರು ಬಂದಾಗ ಆಗಿನ ದೊಡ್ಡವರು, “ಮತ್ತೆ ಒಂದರಿಂದ ಶುರು ಮಾಡಮ್ಮ, ಬಣ್ಣ ಮಾತ್ರ ಬೇರೆ ಹಾಕು” ಎಂದರು. ನೀಲಿ ಹಾಕಿದೆ. ಹೀಗಾಗಿ ಕೆಂಪಿನ ನಾನೂರ ಹನ್ನೆರಡನೆಯ ನಂಬರು ಬಾವಿಯದು, ನೀಲಿಯ ನಾನೂರ ಹನ್ನೆರಡನೆಯ ನಂಬರು ಚರಂಡಿಯದು. ಓದಿದ್ದು ನೀಲಿಯವನ್ನು ಮಾತ್ರ. ಆದರೆ ಕಂಪ್ಯೂಟರಿಗೆ ಶಾಯಿಯ ಬಣ್ಣವನ್ನು ಯಾರೂ ಹೇಳಲಿಲ್ಲ. ನಂಬರಿನ ಎದುರು ‘ಓದಿದೆ’ ಎಂದು ಗುರುತು ಬಿತ್ತು. ಒಬ್ಬನ ಓದಿಗೆ ಇಬ್ಬರಿಗೂ ಶಿಕ್ಷೆಯಾಯಿತು.

ಓದುವುದು ಎಂದರೇನು ಎಂದು ನನಗೆ ತಿಳಿಸಿಕೊಟ್ಟವರು ನಮ್ಮ ಸಂಶೋಧಕಿ ಮೇಡಂ. ಪ್ರತಿ ಜೀವಿಯೊಳಗೂ ಅದು ಏನೇನು ತಯಾರಿಸಬಲ್ಲದು ಎಂಬುದು ಉದ್ದಕ್ಕೆ ಬರೆದಿರುತ್ತದಂತೆ. ಅದಕ್ಕೆ ಜೀನೋಮ್ ಎನ್ನುತ್ತಾರೆ. ಅದನ್ನು ಸಾಲುಸಾಲಾಗಿ ಹುಡುಕಿದರೆ ಯಾರೂ ಕಾಣದ ಔಷಧಿ ತಯಾರಿಸುವ ವಿಧಾನ ಸಿಕ್ಕರೂ ಸಿಗಬಹುದು. ನೀಲಿಯವುಗಳಲ್ಲಿ ಅಂಥ ಹನ್ನೊಂದು ಸಿಕ್ಕವು. “ಅಕ್ಕಾ, ಬರೆದಿರೋದೇನೋ ಇದೆ, ಆದ್ರೆ ಇದು ಒಂದೇ ಇದ್ದಾಗ ಮಾಡಲ್ಲ. ಪಕ್ಕದಲ್ಲಿ ಬೇರೆ ಜೀವಿ ಬಂದು ಕೂತ್ರೆ ಮಾತ್ರ ಮಾಡುತ್ತೆ” ಎಂದು ಒಂದು ದಿನ ತಲೆ ಚಚ್ಚಿಕೊಂಡರು.

“ನಮ್ಮತ್ತೆ ಹಾಗೇ ಬಿಡಿ ಮೇಡಂ, ಬೀಗರು ಬಂದ್ರೇನೇ ಅವರ ಕೈಯಡುಗೆ” ಎಂದೆ. ಬಹಳ ನಕ್ಕರು. ಆಮೇಲೆ, “ಅದಕ್ಕೇ ಬರಹ ಸಾಲದು ಅಕ್ಕಾ, ಜೀವಾನೂ ಇರಬೇಕು” ಎಂದರು. ಕೆಂಪಿನ ಸರದಿ ಬರುವ ಮೊದಲೇ ಅವರ ಯೋಜನೆಯನ್ನು ಮುಗಿಸಿಬಿಟ್ಟಿರಿ. ಹೋಗುವಾಗ ಅವರು ನಿಮಗೆ ಎರಡು ಪತ್ರ ಬರೆದರು. ಉತ್ತರ ಯಾವ ಫ್ರೀಜರಿನಲ್ಲಿದೆ, ಮಾನ್ಯರೇ?

ಇನ್ನು ನನ್ನ ಮನೆಯ ಮಾತು. ನನ್ನ ತಮ್ಮ ಬಡಗಿ. ಉಳಿ ಜಾರಿ ಅಂಗೈ ಕೊಯ್ದುಕೊಂಡ. ಅಷ್ಟೇ ಗಾಯ. ಈಗ ಆರನೆಯ ವಾರ, ಮೊಣಕೈಯಿಂದ ಕೆಳಗೆ ಕೈ ಇಲ್ಲ. ಮೂರು ಔಷಧಿ ಕೊಟ್ಟರು, ಮೂರೂ ಹಿಡಿಯಲಿಲ್ಲ. ವಾರ್ಡಿಗೆ ಸೇರಿಸಿದಾಗ ಇದೇ ಸೋಂಕಿನವರು ಇಬ್ಬರಿದ್ದರು, ಈಗ ಏಳು ಮಂದಿ. ಕಿಟಕಿಯ ಪಕ್ಕದ ಹಾಸಿಗೆ ಸೋಮವಾರ ಖಾಲಿಯಾಯಿತು, ಮಂಗಳವಾರ ತುಂಬಿತು. ವೈದ್ಯರು, “ಇನ್ನೊಂದಿದೆ ಅಮ್ಮ, ಅದೇ ಕೊನೇದು. ಅದೂ ಹಿಡೀಲಿಲ್ಲ ಅಂದ್ರೆ...” ಎಂದು ನಿಲ್ಲಿಸಿ, ಆಗಷ್ಟೇ ತೊಳೆದ ಕೈಯನ್ನು ಮತ್ತೆ ತೊಳೆಯಲು ಹೋದರು.

ತಮ್ಮ ಕೇಳಿದ: “ಅಕ್ಕಾ, ನಿನ್ನ ಫ್ರೀಜರಲ್ಲಿ ನನಗೇನಾದ್ರೂ ಇದೆಯಾ?”

“ಇದ್ರೂ ಔಷಧಿ ಆಗೋಕೆ ಹತ್ತು ವರ್ಷ ಬೇಕಂತೆ ಕಣೋ.”

“ಸರಿ ಬಿಡು. ಮುಂದೆ ಕೈ ಕುಯ್ಕೊಳ್ಳೋ ಪೆದ್ದನಿಗೆ ಇಟ್ಟಿರು.”

ನಾನು ಸುಮ್ಮನೆ ಕುಳಿತಿಲ್ಲ. ನಿಮ್ಮ ದಾಸ್ತಾನು ಗುಮಾಸ್ತರ ಬಳಿಗೆ ಹೋದೆ. ಬೆನ್ನ ಹಿಂದೆ ಅವರನ್ನು ‘ಪಟ್ಟಿ ಸಾರ್’ ಎನ್ನುತ್ತೇವೆ. ಒಂದೇ ನಂಬರಿನ ಎರಡು ಟ್ಯೂಬು ತೋರಿಸಿದೆ. “ಅಮ್ಮಾ, ಪಟ್ಟಿಯಲ್ಲಿ ಬಣ್ಣದ ಕಾಲಮ್ಮೇ ಇಲ್ವಲ್ಲ” ಎಂದರು. “ಕಣ್ಣಲ್ಲಿದೆಯಲ್ಲ ಸಾರ್” ಎಂದೆ. “ಕಣ್ಣಲ್ಲಿ ನೋಡಿದ್ದಕ್ಕೆಲ್ಲ ನಾನು ಸಹಿ ಹಾಕಕ್ಕಾಗುತ್ತಾ?” ಎಂದು ಟ್ಯೂಬನ್ನು ನನ್ನ ಕೈಗೇ ಹಿಂದಿರುಗಿಸಿದರು. ಎಂಥ ಶಿಸ್ತು! ಕಾಣದ ಜೀವಿಯನ್ನು ಹಿಡಿದು ತಂದ ಸಂಸ್ಥೆಯಲ್ಲಿ ಕಾಣುವ ಬಣ್ಣಕ್ಕೆ ಜಾಗವಿಲ್ಲ.

ನಾನು ದೇವರನ್ನು ನಂಬಿದವಳು. ರೋಗವನ್ನು ಕೊಟ್ಟವನು ಔಷಧಿಯನ್ನೂ ಎಲ್ಲೋ ಇಟ್ಟಿರುತ್ತಾನೆ, ನಾವು ಮೂಗು ಮುಚ್ಚಿಕೊಂಡು ದಾಟುವ ಕೆಸರಿನಲ್ಲೇ ಇಟ್ಟಿರಬಹುದು ಎನ್ನುವುದು ನನ್ನ ನಂಬಿಕೆ. ಕೆಂಪು ಟ್ಯೂಬುಗಳಲ್ಲಿ ಏನೂ ಇಲ್ಲದೆಯೂ ಇರಬಹುದು. ಓದಿದ ಮೇಲೆ ‘ಇಲ್ಲ’ ಎನ್ನಿ, ತಲೆಬಾಗುತ್ತೇನೆ. ಓದದೆಯೇ ಇಲ್ಲ ಎನ್ನಲು ನೀವು ಯಾರು? ಬಾವಿಯನ್ನು ಮುಚ್ಚಿ ಅದರ ಮೇಲೆ ಕಟ್ಟಡ ಎದ್ದಿದೆ. ಪಾಚಿ ಬೆಳೆದಿದ್ದ ಗೋಡೆಗೆ ಬಣ್ಣ ಬಳಿದಾಗಿದೆ. ಒಮ್ಮೆ ಬೇಯಿಸಿದರೆ, ಮತ್ತೆ ಹೋಗಿ ತರೋಣವೆಂದರೆ ಅವು ಎಲ್ಲಿಯೂ ಇಲ್ಲ. ಆ ಸೋಂಕು ಮಾತ್ರ ನಿಮ್ಮ ಆದೇಶಕ್ಕೆ ಕಾಯುವುದಿಲ್ಲ. ಅದು ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಲೇ ಇದೆ. ನಿಮ್ಮ ಮನೆಯಲ್ಲೂ ಚಾಕು ಇರಬೇಕಲ್ಲ?

ಆದೇಶವನ್ನು ನಿಲ್ಲಿಸಿ. ಎರಡೂ ಫ್ರೀಜರನ್ನು ತೆರೆಸಿ, ಬಣ್ಣ ನೋಡಬಲ್ಲ ಒಬ್ಬರನ್ನು ಕೂರಿಸಿ ಪಟ್ಟಿಯನ್ನು ತಿದ್ದಿಸಿ. ಕೆಂಪಿನ ಒಂದೊಂದನ್ನೂ ಓದಿಸಿ. ಓದಿದವನ್ನೂ ಜೀವಸಹಿತ ಉಳಿಸಿ.

ಗುರುವಾರ ಹಬೆಯ ಪಾತ್ರೆಯ ಮುಚ್ಚಳವನ್ನು ನಾನು ತಿರುಗಿಸುವುದಿಲ್ಲ. ನನ್ನನ್ನು ತೆಗೆದು ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತೀರಿ ಎಂದು ಗೊತ್ತು. ಅದಕ್ಕೇ ಈ ಪತ್ರವನ್ನು ನಿಮ್ಮ ಮೇಜಿಗೆ ಕಳಿಸದೆ ಪತ್ರಿಕೆಗೆ ಕೊಟ್ಟಿದ್ದೇನೆ. ಅವಳೂ ಓದಲಿ.

ಇಂತಿ,
ದೇವರಿಗೆ ಇಂದಿಗೂ, ನಿಮಗೆ ನಿನ್ನೆಯವರೆಗೂ ಹೆದರಿದ,
ಗಾಜು ತೊಳೆಯುವ ಹೆಂಗಸು