ಕೆರೆ ದಾರಿಯ ಹನ್ನೊಂದು ಲಕೋಟೆ

ಈಸ್ಟರ್ ಕಳೆದ ಮಂಗಳವಾರ
ನನ್ನ ಅಡುಗೆಮನೆಯ ಮೇಜಿನಿಂದ

ನನ್ನ ಕ್ಲೆಮೆನ್ಸ್ ಅಕ್ಕನಿಗೆ,

ದೇವರ ದಯೆಯಿಂದ ನಾನೂ ನನ್ನ ಎರಡು ಮೊಣಕಾಲೂ ಇನ್ನೂ ಓಡಾಡಿಕೊಂಡಿದ್ದೇವೆ. ಮಿನಿಯಾಪೊಲಿಸ್‌ನಲ್ಲಿ ನೀನು, ನಿನ್ನ ಮೊಮ್ಮಗಳು ಒಡೆಟ್ ಇಬ್ಬರೂ ಆರೋಗ್ಯವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ.

ಹೋದ ತಿಂಗಳು ಫೋನಿನಲ್ಲಿ ನೀನು ಕೇಳಿದೆ. "ಬೇಸಿಗೆಗೆ ಒಡೆಟ್‌ನ ಕರ್ಕೊಂಡು ಊರಿಗೆ ಬರೋಣ ಅಂತಿದೀನಿ ಫಿಲ್. ಒಂದು ತಿಂಗಳು ನಿನ್ ಹತ್ರ ಇರ್ತೀವಿ. ಆದ್ರೆ ಒಂದು ಹೇಳು. ಅಲ್ಲಿ ಈಗ್ಲೂ ಎಲ್ರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡಲ್ವಾ?" ನಾನು ಒಲೆ ಮೇಲೆ ಹಾಲಿದೆ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಒಲೆ ಮೇಲೆ ಏನೂ ಇರಲಿಲ್ಲ ಅಕ್ಕಾ. ಆ ಸುಳ್ಳನ್ನು ಫಾದರ್ ಹತ್ತಿರ ಒಪ್ಪಿಕೊಂಡೆ. "ಮೂರು ಸಲ ಜಪಮಾಲೆ ಹೇಳು ಫಿಲೊಮೀನ್, ಆಮೇಲೆ ಅವಳಿಗೆ ಉತ್ತರ ಬರಿ" ಎಂದರು. ಜಪಮಾಲೆ ಮೂರು ಸಲವೂ ಆಯಿತು. ಉತ್ತರ ಬರೆಯಲು ಈಗ ಕೂತಿದ್ದೇನೆ.

ಬುಡಕಟ್ಟು ಕಚೇರಿಯಲ್ಲಿ ಕಡತ ಜೋಡಿಸುವ ಕೆಲಸಕ್ಕೆ ಸೇರಿದ್ದೇನೆ ಎಂದು ನಿನಗೆ ಹೇಳಿದ್ದೆ. ಅದು ಯಾವ ಕಡತ ಎಂದು ಹೇಳಿರಲಿಲ್ಲ. ಹೆಂಗಸರ, ಮಕ್ಕಳ ಮೈಮೇಲೆ ಕೈ ಹಾಕಿ ಜೈಲಿಗೆ ಹೋಗಿ ಬಂದವರ ಕಡತ ಅದು. ಅವರು ಎಲ್ಲಿ ಮಲಗುತ್ತಾರೆ, ಎಲ್ಲಿ ದುಡಿಯುತ್ತಾರೆ, ಯಾವ ಗಾಡಿ ಓಡಿಸುತ್ತಾರೆ ಎಂದು ಬರೆದುಕೊಳ್ಳುವುದು, ಸುತ್ತಮುತ್ತಲ ಮನೆಗಳಿಗೆ ತಿಳಿಸುವುದು. ಮೊದಲು ಈ ಪಟ್ಟಿ ರಾಜ್ಯ ಸರ್ಕಾರದವರ ಹತ್ತಿರ ಇತ್ತು. ನಮ್ಮ ಬುಡಕಟ್ಟಿನ ಮೀಸಲು ನೆಲದಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ ಎಂದು ನಿನಗೆ ಗೊತ್ತಲ್ಲ. ಹಾಗಾಗಿ ಅವರ ಪುಸ್ತಕದಲ್ಲಿ ಎಲ್ಲರ ವಿಳಾಸವೂ ಅಂಚೆ ಕಚೇರಿಯ ಪೆಟ್ಟಿಗೆಯೇ. ಪುಸ್ತಕ ನೋಡಿದವರಿಗೆ ಹದಿನಾಲ್ಕು ಗಂಡಸರು ಅಂಚೆ ಕಚೇರಿಯಲ್ಲೇ ಸಂಸಾರ ಹೂಡಿದ್ದಾರೆ ಅನ್ನಿಸಬೇಕು!

ಆಗ ನಮ್ಮ ಪಕ್ಕದ ಮನೆ ಲಿಯೋನಾಳ ಮಗಳು ಟ್ವೈಲಾ, ನೀನು ಊರು ಬಿಟ್ಟಾಗ ಇನ್ನೂ ಹುಟ್ಟಿರಲಿಲ್ಲ, ಆ ಹುಡುಗಿ ಹಟ ಹಿಡಿದಳು. ನಮ್ಮವರ ಪಟ್ಟಿ ನಾವೇ ಇಟ್ಟುಕೊಳ್ಳೋಣ, ಅದಕ್ಕೆ ವಾಷಿಂಗ್ಟನ್‌ನಲ್ಲಿ ಅನುದಾನ ಕೊಡುತ್ತಾರೆ ಎಂದು ಒಂದು ಚಳಿಗಾಲ ಪೂರ್ತಿ ಕೂತು ಅರ್ಜಿ ಬರೆದಳು. ನಾನು ಅವಳಿಗೆ ಕಾಫಿ ಕಾಯಿಸಿಕೊಟ್ಟು ಬರೆದದ್ದರಲ್ಲಿ ತಪ್ಪು ನೋಡುತ್ತಿದ್ದೆ. "ಅತ್ತೆ, ಇಲ್ಲಿ 'ಯೋಜನೆಯ ಫಲ ಅಳೆಯುವುದು ಹೇಗೆ' ಅಂತ ಕೇಳಿದಾರೆ, ಏನ್ ಬರೀಲಿ?" ಎಂದು ಕೇಳಿದ್ದಳು. "ಯಾವ ಮಗೂನೂ ಅಳಬಾರದು, ಅಷ್ಟೇ ಅಂತ ಬರಿ" ಅಂದೆ. "ಅದಕ್ಕೆ ಇಲ್ಲಿ ಖಾನೆ ಇಲ್ಲ ಅತ್ತೆ" ಎಂದು ನಕ್ಕಳು. ಮೂರು ವರ್ಷಕ್ಕೆ ಅನುದಾನ ಬಂತು. ಒಂದು ಕಂಪ್ಯೂಟರ್, ಬೆರಳಚ್ಚು ತೆಗೆಯುವ ಯಂತ್ರ, ಅವಳಿಗೆ ಪೂರ್ತಿ ಸಂಬಳ, ನನಗೆ ಅರ್ಧ, ಮಿಕ್ಕಿದ್ದು ಲಕೋಟೆಗೆ, ಅಂಚೆಚೀಟಿಗೆ.

ಪಟ್ಟಿಯ ನಾಲ್ಕನೆಯ ಹೆಸರು ಅಂಬ್ರೋಸ್ ಮಾಮನದು.

ಇಲ್ಲಿ ಪೆನ್ನು ಕೆಳಗಿಟ್ಟು ಎದ್ದುಹೋಗಿ ಬಂದೆ. ಬೇಕಿಲ್ಲದಿದ್ದರೂ ಪಾತ್ರೆ ತೊಳೆದೆ. ಬರೆಯಲೇಬೇಕು, ಬರೆಯುತ್ತೇನೆ.

ಆಲೂಗಡ್ಡೆ ಇಡುವ ನೆಲಗುಂಡಿಯ ಹಿಂದೆ ನೀನು ನನ್ನ ಕೈ ಹಿಡಿದು ಹೇಳಿದೆ. ನಿನಗೆ ಹದಿಮೂರು, ನನಗೆ ಹನ್ನೆರಡು. ನಿನ್ನಮ್ಮ, ನನ್ನಮ್ಮ ಅಕ್ಕತಂಗಿಯರು, ಅವನು ಅವರಿಬ್ಬರಿಗೂ ಮುದ್ದಿನ ತಮ್ಮ. ನೀನು ಮೂರೇ ಮಾತು ಆಡಿದ್ದು. ನಾನು ಏನೆಂದೆ ಎಂದು ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಒಂದು ದಿನವೂ ಮರೆತಿಲ್ಲ. "ಸುಮ್ನಿರು. ಮಾಮನ ಹೆಸರು ಎತ್ತಬೇಡ. ಅಜ್ಜಿ ಎದೆ ಒಡ್ಕೊಂಡು ಸಾಯ್ತಾಳೆ." ನೀನು ನನ್ನ ಕೈ ಬಿಟ್ಟೆ. ಹದಿನಾರಕ್ಕೆ ಬಸ್ಸು ಹತ್ತಿ ಹೋದೆ. ಆಮೇಲೆ ಬಂದದ್ದು ಬರೀ ಸಾವಿಗೆ. ಅಜ್ಜಿ ಹೋದಾಗ, ದೊಡ್ಡಮ್ಮ ಹೋದಾಗ, ನನ್ನಮ್ಮ ಹೋದಾಗ. ಮೂರು ಸಲವೂ ನೀನು ಬಾಗಿಲ ಹತ್ತಿರವೇ ನಿಂತಿದ್ದೆ, ಕೋಟು ಬಿಚ್ಚಲಿಲ್ಲ. "ಕೋಟು ಕೊಡು ಅಕ್ಕಾ, ನೇತು ಹಾಕ್ತೀನಿ" ಎಂದರೆ "ಇರಲಿ, ಈಗ ಹೊರಟೆ" ಅನ್ನುತ್ತಿದ್ದೆ.

ಅವನು ಜೈಲಿಗೆ ಹೋದದ್ದು ನಿನ್ನ ವಿಷಯಕ್ಕಲ್ಲ. ಎಷ್ಟೋ ವರ್ಷದ ಮೇಲೆ, ಇನ್ನೊಬ್ಬಳ ವಿಷಯಕ್ಕೆ. ಆ ಹುಡುಗಿಯ ತಾಯಿ ಬಾಯಿ ಬಿಟ್ಟಳು, ನಾವು ಬಿಡಲಿಲ್ಲ. ನಾವು ಬಿಟ್ಟಿದ್ದರೆ ಆ ಹುಡುಗಿ ಉಳಿಯುತ್ತಿದ್ದಳಲ್ಲ ಎಂದು ಯೋಚಿಸಿ ಯೋಚಿಸಿ ನನ್ನ ಪ್ರಾರ್ಥನೆಯ ಪುಸ್ತಕದ ಅಂಚು ಸವೆದಿದೆ. ನಾಲ್ಕು ವರ್ಷದ ಹಿಂದೆ ಅವನು ಬಿಡುಗಡೆಯಾಗಿ ಬಂದ. ಕೆರೆ ದಾರಿಯ ಕೊನೆಯಲ್ಲಿ ಒಂದು ತಗಡಿನ ಟ್ರೈಲರ್ ಮನೆಯಲ್ಲಿದ್ದಾನೆ. ಅರವತ್ತೊಂಬತ್ತು ವಯಸ್ಸು, ಬೆನ್ನು ಬಾಗಿದೆ.

ಈಗ ನಾನು ಮಾಡಿದ ದಡ್ಡತನ ಕೇಳು. ನಗು ಬಂದರೆ ನಗು, ಟ್ವೈಲಾ ನಕ್ಕಿದ್ದಳು, ಆಮೇಲೆ ಅತ್ತಳು.

ಕೆರೆ ದಾರಿಯಲ್ಲಿ ಹನ್ನೊಂದು ಮನೆ. ಆ ಹನ್ನೊಂದಕ್ಕೂ ಅವನ ಬಗ್ಗೆ ತಿಳಿವಳಿಕೆ ಪತ್ರ ಹೋಗಬೇಕು. ಮಿಷನ್ ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ವಿಳಾಸ ಬರೆದು, ಲಕೋಟೆಗೆ ಶಿಲುಬೆಯ ಗುರುತು ಮಾಡಿ, ಅಂಚೆಗೆ ಹಾಕಿ ಬಂದೆ. ಒಂದು ದೊಡ್ಡ ಭಾರ ಇಳಿಯಿತು ಅನ್ನಿಸಿತು. ತಿಂಗಳು ಕಳೆದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಯೂಜಿನಿ ಅಜ್ಜಿ ಸಿಕ್ಕಳು. ಕೆರೆ ದಾರಿಯಲ್ಲಿ ಅವನ ಟ್ರೈಲರಿಗೆ ಹತ್ತಿರದ ಮನೆ ಅವಳದೇ. "ಅಜ್ಜಿ, ಕಚೇರಿಯಿಂದ ಪತ್ರ ಬಂತಾ?" ಎಂದೆ. "ಯಾವ್ ಪತ್ರಾನೇ? ಈ ತಿಂಗಳು ಅಂಬ್ರೋಸ್ ತಂದ್ಕೊಟ್ಟಿದ್ದು ಬರೀ ಕರೆಂಟ್ ಬಿಲ್ಲು" ಎಂದಳು.

ಆಗ ನನಗೆ ಹೊಳೆಯಿತು. ಅಂಚೆ ಕಚೇರಿ ಕೆರೆ ದಾರಿಯಿಂದ ಇಪ್ಪತ್ತು ಮೈಲಿ. ಮುದುಕಿಯರ ಹತ್ತಿರ ಗಾಡಿಯಿಲ್ಲ. ನಮ್ಮಲ್ಲಿ ಯಾವತ್ತಿನಿಂದಲೂ ಗಾಡಿ ಇರುವವರು ದಾರಿಯವರ ಅಂಚೆಯನ್ನೆಲ್ಲ ತರುತ್ತಾರೆ. ಕೆರೆ ದಾರಿಗೆ ತರುತ್ತಿದ್ದವನು ಅಂಬ್ರೋಸ್ ಮಾಮ! ಟ್ವೈಲಾ ಹಣೆ ಚಚ್ಚಿಕೊಂಡಳು. "ಅತ್ತೆ, ಅವನ ಸುದ್ದೀನ ಅವನ ಕೈಲೇ ಕೊಟ್ಟು ಕಳ್ಸಿದ್ವಾ!"

ಮೂರು ತಿಂಗಳಿಗೊಮ್ಮೆ ಅವನು ಕಚೇರಿಗೆ ಬಂದು ಸಹಿ ಹಾಕಬೇಕು. ಆ ವಾರವೇ ಅವನ ಸರದಿ ಇತ್ತು. ಅಲ್ಲಿಯವರೆಗೆ ಅವನು ಬಂದಾಗಲೆಲ್ಲ ನಾನು ಒಳಗಿನ ಕೋಣೆಗೆ ಹೋಗಿಬಿಡುತ್ತಿದ್ದೆ, ಟ್ವೈಲಾ ನೋಡಿಕೊಳ್ಳುತ್ತಿದ್ದಳು. ಆ ದಿನ ನಾನೇ ಕೂತೆ. ಪೊಲೀಸ್ ಅಧಿಕಾರಿಯನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದೆವು. "ಮಾಮ, ಹನ್ನೊಂದು ಲಕೋಟೆ ಎಲ್ಲಿ?" ಎಂದು ಕೇಳಿದೆ. ಟೋಪಿ ತಿರುಗಿಸುತ್ತಾ ಕೂತಿದ್ದ. ಎದ್ದುಹೋಗಿ ಗಾಡಿಯ ಸೀಟಿನ ಕೆಳಗಿಂದ ಒಂದು ಬ್ರೆಡ್ಡಿನ ಚೀಲ ತಂದು ಮೇಜಿನ ಮೇಲಿಟ್ಟ. ಹನ್ನೊಂದೂ ಇದ್ದವು, ಒಂದನ್ನೂ ಒಡೆದಿರಲಿಲ್ಲ. "ಕೊಡೋಕೆ ಕೈ ಬರ್ಲಿಲ್ಲ. ಸುಡೋಕೂ ಬರ್ಲಿಲ್ಲ" ಅಂದ.

ಆಗ ನನಗೆ ಎಲ್ಲಿಂದ ಬಂತೋ ಧೈರ್ಯ. "ಮಾಮ, ಈ ಕಾಗದದಲ್ಲಿ ಒಂದೇ ಹುಡುಗಿಯ ವಿಷಯ ಇದೆ. ಇನ್ನೊಬ್ಬಳದ್ದಿಲ್ಲ. ಅದು ನನಗೆ ಗೊತ್ತು" ಎಂದೆ. ನಿನ್ನ ಹೆಸರು ಹೇಳಲಿಲ್ಲ, ಅವನಿಗೆ ಬೇಕಾಗಿರಲಿಲ್ಲ. ಅವನು, "ನೀನಾಗ ಚಿಕ್ಕವಳು ಫಿಲ್" ಎಂದ.

"ಅವಳೂ ಚಿಕ್ಕವಳೇ ಆಗಿದ್ಲು ಮಾಮ."

ಅವನು ಅಳುತ್ತಾನೆ, ಕ್ಷಮೆ ಕೇಳುತ್ತಾನೆ ಎಂದುಕೊಂಡಿದ್ದೆ. ಏನೂ ಇಲ್ಲ. ಸಹಿ ಹಾಕಿ ಹೋದ. ಇದ್ದದ್ದನ್ನು ಇದ್ದ ಹಾಗೆ ನಿನಗೆ ಹೇಳುತ್ತಿದ್ದೇನೆ, ಅವನಿಂದ ಬಾರದ ಮಾತನ್ನು ನಾನು ಹುಟ್ಟಿಸಿ ಬರೆಯಲಾರೆ. ಆದರೆ ನಲವತ್ತು ವರ್ಷಕ್ಕೆ ಹತ್ತಿರವಾಯಿತಲ್ಲ ಅಕ್ಕಾ, ಅಷ್ಟರಲ್ಲಿ ನಾನು ಅವನ ಮುಖ ನೋಡಿ ಆ ಮಾತು ಆಡಿದ್ದು ಅದೇ ಮೊದಲು.

ಲಕೋಟೆ ಬಚ್ಚಿಟ್ಟದ್ದನ್ನು ಟ್ವೈಲಾ ಕಡತದಲ್ಲಿ ಬರೆದಳು. ಅಂಚೆ ತರುವ ಕೆಲಸ ಅವನಿಂದ ಹೋಯಿತು, ಈಗ ಯೂಜಿನಿ ಅಜ್ಜಿಯ ಮಗಳು ತರುತ್ತಾಳೆ. ನಾವು ವಾಷಿಂಗ್ಟನ್‌ಗೆ ಫೋನ್ ಮಾಡಿದೆವು, ಅಂಚೆಚೀಟಿಗೆ ಇಟ್ಟ ಹಣವನ್ನು ಪೆಟ್ರೋಲಿಗೆ ಬಳಸಲು ಬಿಡಿ, ಮನೆ ಮನೆಗೆ ನಾವೇ ಹೋಗುತ್ತೇವೆ ಎಂದು. ಆ ಕಡೆಯ ಹೆಂಗಸು ಕಾರಣ ಕೇಳಿದಳು. ಟ್ವೈಲಾ ಇದ್ದದ್ದನ್ನೆಲ್ಲ ಹೇಳಿದಳು. ಆಮೇಲೆ ಆ ಹೆಂಗಸು, "ನಾನೂ ಹಳ್ಳಿಯವಳೇ, ಅರ್ಥ ಆಯ್ತು. ಬರೆದು ಕಳ್ಸಿ" ಎಂದಳಂತೆ. ಆರು ವಾರಕ್ಕೆ ಒಪ್ಪಿಗೆ ಬಂತು. ಊರವರನ್ನು ಚರ್ಚಿನ ಹಾಲ್‌ನಲ್ಲಿ ಕೂರಿಸಿ ತಿಳಿಸಿ ಹೇಳುವ ಸಭೆಗೂ ಒಪ್ಪಿದರು, ಊಟಕ್ಕೆ ಮಾತ್ರ ಇಲ್ಲ. ಅನುದಾನದಲ್ಲಿ ಊಟ ಹಾಕುವ ಹಾಗಿಲ್ಲವಂತೆ. ನಮ್ಮಲ್ಲಿ ಸಾರು ಇಡದೆ ಸಭೆ ಕರೆದರೆ ಯಾರು ಬರುತ್ತಾರೆ? "ಗೋಡೆಗೆ ಹಚ್ಚೋ ನಕ್ಷೆಗೆ ದುಡ್ಡಿದೆ, ಹೊಟ್ಟೆಗಿಲ್ಲ" ಎಂದು ಲಿಯೋನಾ ಬೈದುಕೊಂಡೇ ನನ್ನ ಜೊತೆ ಮಾಂಸದ ಉಂಡೆ ಕಟ್ಟಿದಳು. ಎರಡು ಹಂಡೆ ಉಂಡೆ ಸಾರು, ಬುಟ್ಟಿ ತುಂಬ ಕರಿದ ರೊಟ್ಟಿ. ಹಾಲ್ ತುಂಬಿತ್ತು.

ಮನೆ ಮನೆಗೆ ಹೋದದ್ದು ಅಷ್ಟು ಸುಲಭವಾಗಿರಲಿಲ್ಲ. ಒಬ್ಬಳು ಬಾಗಿಲು ತೆರೆದವಳೇ, "ಸರ್ಕಾರದ ಸಂಬಳಕ್ಕೆ ಸೋದರಮಾವನ್ನೇ ಮಾರ್ಕೊಂಡ್ಯಾ ಫಿಲೊಮೀನ್? ನಿಮ್ಮಮ್ಮ ಇದ್ದಿದ್ರೆ ಮುಖಕ್ಕೆ ಉಗೀತಿದ್ಲು" ಎಂದಳು. "ಉಗೀತಿದ್ಲೇನೋ. ಒರೆಸ್ಕೊಂಡು ಈ ಕಾಗದ ಕೊಡ್ತಿದ್ದೆ" ಎಂದೆ. ತಗೊಂಡಳು. ಬಾಗಿಲು ಜೋರಾಗಿ ಹಾಕಿದಳು, ಕಾಗದ ಮಾತ್ರ ಒಳಗೆ ಹೋಯಿತು. ಪ್ರತಿ ಮನೆಯಲ್ಲೂ ಇನ್ನೊಂದು ಮಾತೂ ಹೇಳಿದೆ: ಇದು ಅವನ ಮನೆಗೆ ಕಲ್ಲು ಹೊಡೆಯಲು ಕೊಟ್ಟ ಕಾಗದವಲ್ಲ. ಹಾಗೆ ಮಾಡಿದವರ ಮೇಲೂ ಕೇಸಾಗುತ್ತೆ. ಇದು ನಿಮ್ಮ ಮಕ್ಕಳನ್ನು ಅವನ ಗಾಡಿಗೆ ಹತ್ತಿಸದಿರಲು ಕೊಟ್ಟದ್ದು. ನನ್ನ ರಾತ್ರಿಯ ಪ್ರಾರ್ಥನೆಯಲ್ಲಿ ಅವನ ಹೆಸರೂ ಇದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಪ್ರಾರ್ಥನೆ ಬೇರೆ, ಮಕ್ಕಳ ಕಾವಲು ಬೇರೆ. ಎರಡನ್ನೂ ಒಂದೇ ಎಂದುಕೊಂಡು ನಾವು ಇಷ್ಟು ವರ್ಷ ಕೆಟ್ಟೆವು.

ಯೂಜಿನಿ ಅಜ್ಜಿಯ ಮನೆಗೆ ಕೊನೆಗೆ ಹೋದೆ. ಅವಳಿಗೆ ಕಣ್ಣು ಮಂಜು, ನಾನೇ ಓದಿ ಹೇಳಿದೆ. ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ನನ್ನ ಮರಿಮಕ್ಕಳು ಭಾನುವಾರ ಅವನ ಗಾಡೀಲೇ ಚರ್ಚಿಗೆ ಬರ್ತಿದ್ವು" ಎಂದಳು. ಆಮೇಲೆ, ನಾನು ಕೇಳದೆಯೇ, ನಿನ್ನ ಹೆಸರು ಎತ್ತದೆಯೇ, ಅವಳೇ ಹೇಳಿದಳು. "ಕ್ಲೆಮೆನ್ಸ್ ಬಸ್ ಹತ್ತಿದ ದಿನ ನಾನು ಅಂಗಡಿ ಮುಂದೆ ನಿಂತಿದ್ದೆ. ಯಾಕೆ ಹೋಗ್ತಿದಾಳೆ ಅಂತ ನನಗೆ ಗೊತ್ತಿತ್ತು ಕಣೇ. ಕೈ ಬೀಸಿದೆ. ಅಷ್ಟೇ ಮಾಡಿದ್ದು ನಾನು. ಅವಳಿಗೆ ಬರಿ, ಯೂಜಿನಿಗೆ ಗೊತ್ತಿತ್ತು, ಯೂಜಿನಿ ನಾಚ್ಕೊಂಡಿದಾಳೆ ಅಂತ ಬರಿ."

ಬರೆದಿದ್ದೇನೆ ಅಕ್ಕಾ. ಅವಳಿಗೆ ಎಂಬತ್ತಾರು. ತಾನು ಹೇಳಿದ್ದನ್ನು ಬರೆದೆಯಾ ಎಂದು ಎರಡು ಭಾನುವಾರದಿಂದ ಕೇಳುತ್ತಿದ್ದಾಳೆ.

ನಿನ್ನ ಪ್ರಶ್ನೆಗೆ ಉತ್ತರ ಇದು. ಅವನು ಇಲ್ಲೇ ಇದ್ದಾನೆ, ಎಲ್ಲೂ ಹೋಗಿಲ್ಲ. ಶನಿವಾರ ಸಂಜೆಯ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ, ಭಾನುವಾರ ಮಕ್ಕಳು ಬರುವಾಗ ಬರಬಾರದೆಂದು ಫಾದರ್ ಈಗ ಕಟ್ಟಪ್ಪಣೆ ಮಾಡಿದ್ದಾರೆ. ನನ್ನ ಮನೆಯಿಂದ ಅವನ ಮನೆಗೆ ಒಂಬತ್ತು ಮೈಲಿ. ಎಲ್ಲರೂ ಬದಲಾಗಿದ್ದಾರೆ ಎಂದು ಹೇಳಿದರೆ ಇನ್ನೊಮ್ಮೆ ಪಾಪ ಒಪ್ಪಿಕೊಳ್ಳಲು ಹೋಗಬೇಕಾಗುತ್ತದೆ. ಆದರೆ ಹನ್ನೊಂದು ಮನೆಯಲ್ಲಿ ಎಂಟು ಮನೆಯವರು ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ, ನಾನು ಕಣ್ಣಾರೆ ನೋಡಿ ಬಂದೆ. ಒಡೆಟ್ ಇಲ್ಲಿ ಓಡಾಡಿದರೆ ದಾರಿಯುದ್ದಕ್ಕೂ ಅವಳ ಮೇಲೆ ಕಣ್ಣಿಡುವ ಹೆಂಗಸರಿದ್ದಾರೆ, ಅವರಿಗೆಲ್ಲ ಬಾಯಿಯೂ ಇದೆ. ನಿನಗೆ ಆಗ ಒಬ್ಬಳೂ ಇರಲಿಲ್ಲ. ಇದ್ದ ಒಬ್ಬಳು ನಾನು, ನಿನ್ನ ಬಾಯಿ ಮುಚ್ಚಿಸಿದೆ. ಅದಕ್ಕೆ ಕ್ಷಮಿಸು ಎಂದು ಕೇಳುತ್ತಿದ್ದೇನೆ. ನೀನು ಇಲ್ಲವೆಂದರೂ ಕೇಳಿದ್ದು ಕೇಳಿದ್ದೇ.

ಅನುದಾನ ಮುಂದಿನ ಶರತ್ಕಾಲಕ್ಕೆ ಮುಗಿಯುತ್ತದೆ. ಟ್ವೈಲಾ ಮತ್ತೆ ಅರ್ಜಿ ಬರೆಯುತ್ತಿದ್ದಾಳೆ, ನಾನು ಮತ್ತೆ ಕಾಫಿ ಕಾಯಿಸುತ್ತಿದ್ದೇನೆ. ಈ ಸಲ ಅಂಚೆಚೀಟಿಯ ಸಾಲಿನಲ್ಲಿ ಸೊನ್ನೆ ಹಾಕಿಸಿದ್ದೇನೆ. ಹಣ ಬಂದರೆ ದೇವರಿಗೆ ಸ್ತೋತ್ರ. ಬರದಿದ್ದರೆ ನನ್ನ ಗಾಡಿ ಇದೆ, ಹನ್ನೊಂದು ಮನೆಯ ದಾರಿ ಗೊತ್ತಿದೆ, ಲಿಯೋನಾಳ ಹಂಡೆ ಇದೆ.

ನಿನ್ನೆ ಬಾಗಿಲ ಪಕ್ಕದ ಗೋಡೆಗೆ ಎರಡು ಮೊಳೆ ಹೊಡೆದೆ. ಒಂದು ಎತ್ತರದಲ್ಲಿ. ಇನ್ನೊಂದು ಎಂಟು ವರ್ಷದ ಹುಡುಗಿಯ ಕೈಗೆ ಎಟುಕುವಷ್ಟರಲ್ಲಿ, ಅಂದಾಜಿನಲ್ಲಿ ಹೊಡೆದಿದ್ದೇನೆ. ಕೆಳಗೋ ಮೇಲೋ ಆದರೆ ನೀವು ಬಂದ ಮೇಲೆ ಕಿತ್ತು ಸರಿಯಾಗಿ ಹೊಡೆಯೋಣ. ಜೂನ್ ತಿಂಗಳಲ್ಲೂ ಇಲ್ಲಿ ಬೆಳಿಗ್ಗೆ ಚಳಿ ಇರುತ್ತದೆ, ಇಬ್ಬರೂ ಕೋಟು ತನ್ನಿ.

ಮಾತೆ ಮರಿಯಮ್ಮನ ಸೆರಗು ನಿನ್ನ ತಲೆಯ ಮೇಲೂ ಆ ಕೂಸಿನ ತಲೆಯ ಮೇಲೂ ಇರಲಿ. ಬಸ್ಸು ಬಂದು ನಿಲ್ಲುವ ಅಂಗಡಿಯ ಮುಂದೆ ನಾನಿರುತ್ತೇನೆ. ಯೂಜಿನಿ ಅಜ್ಜಿಯೂ ಬರುತ್ತಾಳಂತೆ, ಕುರ್ಚಿ ತರಲು ಹೇಳಿದ್ದಾಳೆ.

ನಿನ್ನ ತಂಗಿ,
ಫಿಲೊಮೀನ್