ಆರ್ಗ್ಯಾನಿಕ್ ಸರ್ ಅವರ ಏಪ್ರನ್

ಅಕ್ಕಿಆಲೂರು
ರವಿವಾರ, ೯ ನವೆಂಬರ್ ೨೦೨೫

ಪ್ರೊಫೆಸರ್ ಸಾಹೇಬರಿಗೆ ವಿದ್ಯಾಶ್ರೀಯ ನಮಸ್ಕಾರಗಳು.

ನಾನು ಕ್ಷೇಮ ಎಂದು ಬರೆದರೆ ಸುಳ್ಳಾದೀತು, ಹಾಗಾಗಿ ಆ ಸಾಲನ್ನು ಬಿಟ್ಟಿದ್ದೇನೆ. ನಿಮ್ಮ ಕ್ಷೇಮ ಕೇಳುವ ಅಗತ್ಯವೂ ಇಲ್ಲ. ನಿಮ್ಮ ವಿದ್ಯಾರ್ಥಿನಿಯರೇ ಆಗಾಗ ಬಂದು ಹೇಳಿ ಹೋಗುತ್ತಾರೆ. ಗಾಬರಿಯಾಗಬೇಡಿ, ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹೂಂ’ ಎನ್ನುತ್ತೀರಿ, ನಾನು ಸಿಟ್ಟಿಗೇಳುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕಾಗದದಲ್ಲಿ ನಿಮಗೆ ನಡುವೆ ಹೂಂ ಎನ್ನಲು ಬರುವುದಿಲ್ಲ.

ಅವ್ವ ಹೋದ ಮೇಲೆ ಹಾನಗಲ್ಲಿನ ಮನೆಗೆ ತಿರುಗಿ ಬರದೆ ಇಲ್ಲಿ ಬಂದು ಕೂತೆನಲ್ಲ, ಆಗಿನಿಂದ ಮುಮ್ತಾಜಬೇಗಂ ಅವರ ಹೊಲಿಗೆ ಅಂಗಡಿಯಲ್ಲಿ ಒಂದು ಮಷೀನು ನನ್ನದು. ಅವರ ತಾಯಿ ನಮ್ಮವ್ವನ ಗೆಳತಿ. ಅಂಗಡಿಯ ಹಿಂದಿನ ಖೋಲಿಯನ್ನೂ ಅವರೇ ಕೊಟ್ಟಿದ್ದಾರೆ. ಕುಪ್ಪಸ, ಚೂಡಿದಾರ ಅವರ ಪಾಲಿಗೆ. ನನ್ನ ಪಾಲಿಗೆ ಬಂದದ್ದು ಏಪ್ರನ್ನುಗಳು. ಇಲ್ಲಿಂದ ಬಸ್ಸಿನಲ್ಲಿ ಹಾನಗಲ್ಲಿನ ಕಾಲೇಜಿಗೆ ಹೋಗುವ ಬಿ.ಎಸ್ಸಿ. ಹುಡುಗಿಯರಿಗೆಲ್ಲ ಲ್ಯಾಬಿಗೆ ಬಿಳಿ ಏಪ್ರನ್ ಬೇಕು. ನಿಮಗೆ ಹೊಲಿದು ಕೊಟ್ಟ ಕೈ ಅಲ್ಲವೇ, ಬೇಗ ಕುದುರಿತು.

ಟೇಪು ಹಿಡಿದು ನಿಂತವಳ ಮುಂದೆ ಈ ಹುಡುಗಿಯರು ಏನನ್ನೂ ಮುಚ್ಚಿಡುವುದಿಲ್ಲ. ಹೊಲಿಯುವವಳಿಗೂ ಕಿವಿ ಇರುತ್ತವೆ ಎಂಬುದೇ ಅವರಿಗೆ ಹೊಳೆಯುವುದಿಲ್ಲ. ತೋಳಿನ ಅಳತೆ ಮುಗಿಯುವಷ್ಟರಲ್ಲಿ ಫಿಜಿಕ್ಸ್ ಸರ್ ಜಾತಕ ಹೊರಗೆ ಬೀಳುತ್ತದೆ, ಭುಜದ ಅಳತೆಗೆ ಗಣಿತದ ಮೇಡಂ ಜಾತಕ. ಆಮೇಲೆ ನಿಮ್ಮ ಸರದಿ. ಮುಮ್ತಾಜಬೇಗಂ ಮೊದಲ ಸಲ ಬಾಯಿ ತೆರೆಯಲು ಹೋದರು, ನಾನು ಕಣ್ಣಲ್ಲೇ ಬೇಡ ಎಂದೆ. ಕೇಳುವ ಆಸೆಯಾಯಿತು. ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಬಂದವಳಿಗೆ ಅವನ ಸುದ್ದಿಯ ಮೇಲೆ ಸಿಟ್ಟಿರುವುದಿಲ್ಲ ಎಂಬುದು ಅಂದು ಗೊತ್ತಾಯಿತು.

ಅಂಕಿತಾ ಎಂಬ ಹುಡುಗಿ ಇದ್ದಾಳಲ್ಲ, ಎರಡು ಜಡೆಯವಳು, ಅವಳು ನಿಮ್ಮ ಭಕ್ತೆ. “ಆರ್ಗ್ಯಾನಿಕ್ ಸರ ಭಾಳ ಛಲೋ ಕಲಸ್ತಾರ್ರಿ ಆಂಟಿ. ಎಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ ಹೋಗ್ತಾವ ಅಂತ ಬಸ್ಸಿನ ರೂಟ್ ಹೇಳಿದಂಗ ಹೇಳ್ತಾರ. ಹಾನಗಲ್ಲ ಬಿಟ್ಟು, ಅಕ್ಕಿಆಲೂರಾಗ ಒಂದೀಟು ನಿಂತು, ಹಿರೇಕೆರೂರಿಗೆ ಹೋಗಿ ಕುಂತ್ವು ಅಂತಾರ. ಮರೀಬೇಕಂದ್ರೂ ಆಗೂದಿಲ್ಲ” ಎಂದಳು. ಇನ್ನೊಬ್ಬಳ ಪ್ರಕಾರ ನಿಮ್ಮ ದನಿ ಜೋಗುಳ, ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ಕಣ್ಣು ತೆರೆದಿಡುವುದೇ ಪರೀಕ್ಷೆ. ನನಗೆ ನಗು ತಡೆಯಲಿಲ್ಲ. ಆ ಜೋಗುಳಕ್ಕೆ ಎಷ್ಟು ವರ್ಷ ಮಲಗಿದ್ದೇನೆ ನಾನು.

ನೀವು ಮೊದಲು ಸಿಡುಕರಾಗಿದ್ದಿರಂತೆ, ಈಗ ಮೆತ್ತಗಾಗಿದ್ದೀರಂತೆ. ಮೊದಲೆಲ್ಲ ಲ್ಯಾಬಿನ ಬಾಗಿಲಲ್ಲೇ ನಿಂತು, ಯಾವ ಬೆಂಚಿನವರು ಆಮ್ಲ ಹೆಚ್ಚು ಸುರಿದಿದ್ದಾರೆಂದು ಮೂಗಿನಿಂದಲೇ ಹಿಡಿಯುತ್ತಿದ್ದಿರಿ ಎಂದು ಸೀನಿಯರುಗಳು ಕಥೆ ಹೇಳುತ್ತಾರಂತೆ. ಈಗ ತಾವು ಮೂಸುವುದೇ ಇಲ್ಲವಂತೆ. “ನಮಗ ಮೂಸಿ ಹೇಳ್ರಿ ಅಂತಾರ್ರಿ. ನಾವು ಏನ್ ಅಂತೇವಿ ಅದಕ್ಕ ಹೌದಂತಾರ. ಇದು ಹೊಸಾ ಪದ್ಧತಿ ಇರಬೇಕು” ಎಂದಳು ಅಂಕಿತಾ. ಅಂದು ನಾನು ಆ ಮಾತಿಗೆ ಲಕ್ಷ್ಯ ಕೊಡಲಿಲ್ಲ.

ಮುಂದಿನದನ್ನು ಹೇಗೆ ಬರೆಯಲಿ? ಬರೆಯಲೇಬೇಕು, ನಿಮಗೆ ಹೇಳುವವರು ಬೇರೆ ಯಾರೂ ಇಲ್ಲ. ದಸರೆಯ ಹೊತ್ತಿಗೆ ಒಬ್ಬಳು, ಹೆಸರು ಬೇಡ, ಮೂಗು ಹಿಡಿದು ತೋರಿಸಿದಳು. “ಸರ ಬೆಂಚಿನ ಹತ್ರ ಬಂದ್ರ ನಾವು ಉಸರ ಹಿಡಕೊಂಡು ನಿಂದರ್ತೇವ್ರಿ. ಅಂಗಿ ಅಷ್ಟ ಕಮಟು ಹೊಡೀತದ. ಮನ್ಯಾಗ ಹೇಳಾವ್ರು ಯಾರೂ ಇಲ್ಲಂತ ಕಾಣಸ್ತದ” ಎಂದಳು. ಎಲ್ಲರೂ ನಕ್ಕರು. ಮುಮ್ತಾಜಬೇಗಂ ಜೋರಾಗಿ ಕೆಮ್ಮಿದರು. ಅಳತೆ ಬರೆದುಕೊಳ್ಳುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಇಸ್ತ್ರಿ ಇಲ್ಲದೆ ಹೊಸ್ತಿಲು ದಾಟದಿದ್ದ ಮನುಷ್ಯ! ನನ್ನ ಹೆಸರು ಕೆಡಿಸಲೆಂದೇ ಹೀಗೆ ತಿರುಗುತ್ತಿದ್ದೀರಿ ಎಂದುಕೊಂಡು ಅಂದು ಊಟ ಬಿಟ್ಟೆ.

ಅದಾದ ಮೇಲೆ, ಕಳೆದ ವಾರ, ಅಫ್ಸಾನಾ ಬಂದಳು. ಸವಣೂರಿನ ಹುಡುಗಿ, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಾಳೆ. ಆಮ್ಲಕ್ಕೆ ಆಲ್ಕೋಹಾಲ್ ಸೇರಿಸಿ ಕಾಯಿಸಿದರೆ ಹಣ್ಣಿನ ವಾಸನೆ ಬರುವ ಪ್ರಯೋಗವಿದೆಯಲ್ಲ, ಮದುವೆಯ ಹೊಸದರಲ್ಲಿ ಖಾಲಿ ಲ್ಯಾಬಿಗೆ ಕರೆದುಕೊಂಡು ಹೋಗಿ ನೀವು ನನಗೆ ತೋರಿಸಿದ್ದು. ಬಾಳೆಹಣ್ಣೇ ಇಲ್ಲದೆ ಬಾಳೆಹಣ್ಣಿನ ವಾಸನೆ ಬಂದಾಗ ನಾನು ಬೆಪ್ಪಾಗಿ ಸುತ್ತ ನೋಡಿದ್ದೆ, ನೀವು ಹುಡುಗನ ಹಾಗೆ ನಕ್ಕಿದ್ದಿರಿ. ಅದೇ ಪ್ರಯೋಗ. ಇವರ ಬೆಂಚಿನವರು ಚೇಷ್ಟೆಗೆಂದು ಟೆಸ್ಟ್ ಟ್ಯೂಬಿನಲ್ಲಿ ಬರೀ ನೀರು ಹಾಕಿ ನಿಮ್ಮ ಕೈಗೆ ಕೊಟ್ಟು, ಈ ಸಲ ನೀವೇ ಮೂಸಿ ಹೇಳಬೇಕೆಂದು ಹಠ ಹಿಡಿದರಂತೆ.

“ಸರ ಕೈಲೆ ಗಾಳಿ ಬೀಸ್ಕೊಂಡು ಮೂಸಿ ನೋಡಿದ್ರು. ಹಣ್ಣಿನ ವಾಸನಿ ಛಲೋ ಬಂದೈತಿ, ಬರಕೋರಿ ಅಂದ್ರು” ಎಂದಳು ಅಫ್ಸಾನಾ. “ಎಲ್ಲಾರೂ ನಕ್ರು. ನನಗ ನಗಿ ಬರಲಿಲ್ರಿ ಆಂಟಿ. ಸರಗ ಗೊತ್ತಾಗಿತ್ತು. ಎಲ್ಲಾರ ಮುಂದ ನಮ್ಮ ಮರ್ಯಾದಿ ಹೋಗಬಾರದು ಅಂತ ಹಂಗಂದ್ರು. ಅಂಥಾ ದೊಡ್ಡ ಮನಸಿನವ್ರಿಗೆ ನಾವು ಹಿಂಗ ಮಾಡಬಾರದಿತ್ತು.”

ನಾನು ಕಾಜಾ ಹೊಲಿಯುತ್ತಿದ್ದೆ. ಸೂಜಿ ಬೆರಳಿಗೆ ಇಳಿಯಿತು. ನಿಮ್ಮ ಮನಸ್ಸು ದೊಡ್ಡದೇ ಇರಬಹುದು, ಆದರೆ ನೀರನ್ನು ಹಣ್ಣು ಎನ್ನುವಷ್ಟು ದೊಡ್ಡದಲ್ಲ. ಪ್ರಯೋಗದಲ್ಲಿ ಸುಳ್ಳು ಬರೆದವರನ್ನು ನೀವು ಬಾಗಿಲ ಹೊರಗೆ ನಿಲ್ಲಿಸಿದ್ದನ್ನು ನಾನು ಬಲ್ಲೆ. ನಿಮಗೆ ಗೊತ್ತಾಗಿರಲಿಲ್ಲ. ಆ ನೀರಿಗೆ ವಾಸನೆ ಇಲ್ಲ ಎಂಬುದೇ ನಿಮಗೆ ಗೊತ್ತಾಗಿರಲಿಲ್ಲ. ನಿಮಗೆ ಯಾವ ವಾಸನೆಯೂ ಬರುವುದಿಲ್ಲ.

ಆ ಕರೋನಾ ಜ್ವರದ ವರ್ಷ ನೆನಪಿದೆಯೇ? ಇಬ್ಬರ ಮೂಗೂ ಹೋಗಿತ್ತು. ದಿನಾ ಸಂಜೆ ಅವ್ವ ನಮ್ಮ ಕಣ್ಣು ಮುಚ್ಚಿಸಿ, ಅಡಿಗೆ ಮನೆಯ ಒಂದೊಂದು ಸಾಮಾನು ತಂದು ಮೂಗಿನ ಮುಂದೆ ಹಿಡಿಯುತ್ತಿದ್ದಳು. ನನಗೆ ಮೊದಲು ಬಂದದ್ದು ಬೆಳ್ಳುಳ್ಳಿ. ಅದರ ಮರುದಿನವೇ ನೀವು “ಇಂಗು” ಎಂದಿರಿ. ಅವ್ವ ಚಪ್ಪಾಳೆ ತಟ್ಟಿ “ಅಳಿಯನ ಮೂಗು ಬಂತವ್ವ” ಎಂದು ಓಣಿಗೆಲ್ಲ ಕೇಳುವ ಹಾಗೆ ಸಾರಿದಳು. ಈಗ ತಿಳಿಯುತ್ತದೆ. ಇಂಗಿನ ಡಬ್ಬಿಯ ಮುಚ್ಚಳ ಬಿಗಿ, ತೆರೆದರೆ ಟಪ್ ಎನ್ನುತ್ತಿತ್ತು. ನೀವು ಕಿವಿಯಿಂದ ಹೇಳಿದ್ದಿರಿ. ನಮ್ಮ ಸಂತೋಷಕ್ಕೆ ಹೇಳಿದಿರೋ, ಮೂಗಿಲ್ಲದ ಮಾಸ್ತರನನ್ನು ಲ್ಯಾಬಿಗೆ ಯಾರು ಬಿಟ್ಟಾರು ಎಂಬ ಹೆದರಿಕೆಗೆ ಹೇಳಿದಿರೋ, ನನಗೆ ಗೊತ್ತಿಲ್ಲ. ನಾಳೆ ಬಂದೀತು, ನಾಡದು ಬಂದೀತು ಎಂದು ಕಾದಿರಬೇಕು.

ಆಮೇಲೆ ತಂಗಿಯ ಬಾಣಂತನ ಬಂತು. ಮಾಡಬೇಕಾದ ಅವ್ವ ಸಕ್ಕರೆ ಕಾಯಿಲೆಯಿಂದ ಮಂಚ ಹಿಡಿದಿದ್ದಳು. ನಾನು ಅವಳನ್ನು ನಿಮ್ಮ ಕೈಗೆ ಒಪ್ಪಿಸಿ ಹಿರೇಕೆರೂರಿಗೆ ಹೋದೆ. ನೀವು ಚೆನ್ನಾಗಿಯೇ ನೋಡಿಕೊಂಡಿರಿ. ಗುಳಿಗೆ ಕೊಟ್ಟಿರಿ, ಗಂಜಿ ಕುಡಿಸಿದಿರಿ, ತಲೆ ಬಾಚಿದಿರಿ. ನಾನು ತಿರುಗಿ ಬಂದು ಬಾಗಿಲು ತೆರೆದಾಗ ಆ ವಾಸನೆ ನನ್ನ ಮುಖಕ್ಕೆ ಬಡಿಯಿತು. ಅವ್ವನ ಕಾಲ ಬೆರಳು ಹೊದಿಕೆಯ ಒಳಗೆ ಕೊಳೆತಿತ್ತು. ಅವಳಿಗೆ ಆ ಕಾಲಿನಲ್ಲಿ ಸ್ಪರ್ಶವೇ ಇರಲಿಲ್ಲ, ನೋವು ತಿಳಿಯಲಿಲ್ಲ. ನೀವು ಪಕ್ಕದಲ್ಲೇ ಕೂತು ಚಮಚದಿಂದ ಗಂಜಿ ಕುಡಿಸುತ್ತಿದ್ದಿರಿ. ಆ ವಾಸನೆಯಲ್ಲಿ ಕೂತು, ನನ್ನನ್ನು ನೋಡಿ ನಕ್ಕಿರಿ.

ಹುಬ್ಬಳ್ಳಿಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ವಿಷ ಅಷ್ಟರಲ್ಲಿ ಮೇಲೇರಿತ್ತು. ಅವಳನ್ನು ಮಣ್ಣು ಮಾಡಿದ ದಿನ ನಾನು ಕೇಳಿದೆ, “ನಿಮ್ಮ ಹಡದವ್ವ ಆಗಿದ್ರ ಹಂಗ ಕುಂದರ್ತಿದ್ರೇನು?” ಎಂದು. ನೀವು ತಲೆ ತಗ್ಗಿಸಿ “ತಪ್ಪಾತು ವಿದ್ಯಾ” ಎಂದಿರಿ. ಅಷ್ಟೇ. ನನಗೆ ವಾಸನೆ ಬರುವುದಿಲ್ಲ ಎಂಬ ಒಂದು ಮಾತು ಅಂದೂ ಹೇಳಲಿಲ್ಲ. ನೆವ ಹೇಳಿದ ಹಾಗಾಗುತ್ತದೆ ಎಂದುಕೊಂಡಿರಾ? ಕಲ್ಲೆದೆಯವನೆಂದು ಹೆಂಡತಿ ಬಿಟ್ಟು ಹೋದರೂ ಸರಿ, ಅದೇ ತಕ್ಕ ಶಿಕ್ಷೆ ಎಂದುಕೊಂಡಿರಾ? ನನಗೆ ಉತ್ತರ ಬೇಕು.

ಅಫ್ಸಾನಾ ನಿಮ್ಮ ಬಗ್ಗೆ ಒಂದು ಒಳ್ಳೆಯ ಕಾರಣ ಹುಡುಕಿಕೊಂಡಳು. ನಾನು ಒಂದು ಕೆಟ್ಟ ಕಾರಣ ಹುಡುಕಿಕೊಂಡೆ. ಇಬ್ಬರದೂ ಸುಳ್ಳಾಯಿತು. ಆದರೆ ಸತ್ಯ ತಿಳಿದ ಮೇಲೆ ಹಗುರಾಗುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ. ನೀವು ಬೇಕೆಂದೇ ಅವ್ವನನ್ನು ಕಡೆಗಣಿಸಲಿಲ್ಲ ಎಂದು ಗೊತ್ತಾಗಿ ಒಂದು ರಾತ್ರಿ ಅತ್ತೆ. ನೀವು ಮೊದಲೇ ಹೇಳಿದ್ದರೆ ಪಕ್ಕದ ಮನೆಯವರಿಗೆ ದಿನಾ ಒಮ್ಮೆ ಬಂದು ನೋಡಿ ಎಂದು ಹೇಳಿ ಹೋಗುತ್ತಿದ್ದೆನಲ್ಲ, ಅವ್ವ ಉಳಿಯುತ್ತಿದ್ದಳಲ್ಲ ಎಂದು ಮರುದಿನ ಮತ್ತೆ ಅತ್ತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಹಾಗೆ ಮುಗಿಯುವ ಜಗಳವಲ್ಲ.

ಈಗ ಈ ಕಾಗದ ಬರೆಯಲು ಕಾರಣ ಹೇಳುತ್ತೇನೆ. ಶುಕ್ರವಾರ ಅಂಕಿತಾ ಇನ್ನೊಂದು ಸುದ್ದಿ ತಂದಳು. ಲ್ಯಾಬಿನಲ್ಲಿ ಬರ್ನರಿನ ಪೈಪು ಸಡಿಲಾಗಿ ಗ್ಯಾಸ್ ಸೋರುತ್ತಿತ್ತಂತೆ. “ಸರ ಬೋರ್ಡಿನ ಮ್ಯಾಲೆ ಬರಿಯೂದ್ರಾಗ ಎಷ್ಟ ಮುಳುಗಿದ್ರಂದ್ರ, ಅವ್ರಿಗೆ ಖಬರ ಇಲ್ಲ. ಅಫ್ಸಾನಾ ಓಡಿ ಹೋಗಿ ಕೀ ಬಂದ್ ಮಾಡಿದ್ಲು. ಓದು ಅಂದ್ರ ಹಂಗಿರಬೇಕ್ರಿ” ಎಂದು ಮೆಚ್ಚಿಕೊಂಡು ಹೇಳಿದಳು ಪಾಪ. ಆ ಮಕ್ಕಳು ನಿಮ್ಮ ಪ್ರತಿಯೊಂದು ಕುಂದಿಗೂ ಒಂದು ಗುಣದ ಹೆಸರಿಟ್ಟು ನಿಮ್ಮನ್ನು ಕಾಯುತ್ತಿದ್ದಾರೆ. ಒಂದು ದಿನ ಆ ಕೀ ಬಂದ್ ಮಾಡಲು ಯಾರೂ ಓಡದಿದ್ದರೆ? ಅವ್ವನ ಪಕ್ಕದಲ್ಲಿ ಕೂತ ಹಾಗೆಯೇ ಅವರ ಪಕ್ಕದಲ್ಲೂ ನಗುತ್ತಾ ನಿಂತಿರುತ್ತೀರಿ.

ನಾಳೆಯೇ ಪ್ರಿನ್ಸಿಪಾಲರಿಗೆ ಹೇಳಿ. ಅದಕ್ಕಿಂತ ಮೊದಲು ಆ ಮಕ್ಕಳಿಗೆ ಹೇಳಿ. ಲ್ಯಾಬು ಬಿಡಿಸಿ ಬರೀ ಪಾಠಕ್ಕೆ ಹಾಕಬಹುದು. ಲ್ಯಾಬು ನಿಮಗೆ ಎಷ್ಟು ಪ್ರೀತಿ ಎಂದು ನನಗಿಂತ ಬಲ್ಲವರಿಲ್ಲ, ಆದರೂ ಹೇಳಿ. ನೀವು ಹೇಳದಿದ್ದರೆ ನಾನೇ ಹಾನಗಲ್ಲಿನ ಬಸ್ಸು ಹತ್ತುತ್ತೇನೆ, ಪ್ರೊಫೆಸರರ ಹೆಂಡತಿಯಾಗಿ ಅಲ್ಲ, ವೀರವ್ವನ ಮಗಳಾಗಿ. ಹೇಳಿದರೆ ನಾನು ಮನೆಗೆ ಬರುತ್ತೇನೆ ಎಂದು ಮಾತು ಕೊಡಲಾರೆ. ಆ ಬಾಗಿಲು ತೆರೆದರೆ ನನಗೆ ಇನ್ನೂ ಅದೇ ವಾಸನೆ ಬರುತ್ತದೆ.

ಮತ್ತೆ ಕೇಳಿ. ಒಂದು ದಿನ ತೊಟ್ಟ ಅಂಗಿಯನ್ನು ಮರುದಿನ ತೊಡಬೇಡಿ, ಬನಿಯನ್ನನ್ನೂ ಕೂಡ. ಹಾಲು ಕೆಟ್ಟಿದೆಯೋ ಎಂದು ನಾಲಿಗೆಗೆ ಹಚ್ಚಿ ನೋಡಿ ಕುಡಿಯಿರಿ. ಮಲಗುವ ಮೊದಲು ಗ್ಯಾಸಿನ ಕೀಯನ್ನು ಕೈಯಿಂದ ಮುಟ್ಟಿ ನೋಡಿ. ಹುಡುಗಿಯರು ಉಸಿರು ಹಿಡಿದು ನಿಲ್ಲುವುದು ನನಗೆ ಸಹಿಸಲಾಗುವುದಿಲ್ಲ.

ಇಂತಿ
ನೀವು ತಪ್ಪಾತು ಎಂದದ್ದನ್ನು ಇನ್ನೂ ಕೇಳಿಸಿಕೊಳ್ಳುತ್ತಿರುವ
ವಿದ್ಯಾಶ್ರೀ

ತಾ.ಕ.: ಕಿಸೆ ಹರಿದಿದೆ, ಹೊಲಿಸಿ ತರುತ್ತೇನೆ ಎಂದು ಅಂಕಿತಾ ನಿಮ್ಮಿಂದ ಇಸಿದುಕೊಂಡು ಹೋದ ಏಪ್ರನ್ ನನ್ನ ಕೈಗೇ ಬಂತು. ಕಾಲರಿನ ಒಳಗೆ ನಾನೇ ಹಾಕಿದ್ದ ಕೆಂಪು ದಾರದ ಗುರುತು ಹಾಗೇ ಇದೆ. ಈ ಕಾಗದವನ್ನು ಅವಳಿಗೆ ಕಾಣದ ಹಾಗೆ ಕಿಸೆಯಲ್ಲಿಟ್ಟು ಅವಳ ಕೈಯಲ್ಲೇ ಕಳಿಸುತ್ತಿರುವುದು ಹೊಸದು. ನಿಮ್ಮ ಅಳತೆ ಯಾರನ್ನೂ ಕೇಳಬೇಕಾಗಲಿಲ್ಲ. ಹಳೆಯದನ್ನು ತಿರುಗಿ ಕೇಳಬೇಡಿ. ಒಗೆಯಬೇಕೆಂದು ಬಕೀಟಿನ ತನಕ ಒಯ್ದಿದ್ದೆ. ನೀರಿಗೆ ಹಾಕಿದರೆ ನಿಮ್ಮ ವಾಸನೆ ಹೋಗಿಬಿಡುತ್ತದೆ ಎಂದು ವಾಪಸು ತಂದೆ. ನನ್ನ ದಿಂಬಿನ ಪಕ್ಕದಲ್ಲಿದೆ.