ಅಮ್ಮ ಬರದಿದ್ದ ಕಾರಣ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಮೇಲೆ ಸಿಟ್ಟಿದೆ. ಆದರೂ ಸಿಹಿಸುದ್ದಿ ಮೊದಲು: ಬರುವ ವಾರ ಶನಿವಾರ ಅಮ್ಮ ನಿನ್ನ ಮನೆಗೆ ಬರುತ್ತಾಳೆ.

ಮಗುವಿಗೆ ನಾಲ್ಕು ತಿಂಗಳಾದರೂ ಅಜ್ಜಿ ಬಂದು ನೋಡಲಿಲ್ಲವೆಂದು ನೀನು ನಮ್ಮ ಫೋನ್ ಎತ್ತುವುದನ್ನೇ ಬಿಟ್ಟೆ. ಅದಕ್ಕೇ ಈ ಕಾಗದ. ಮಂಡಿನೋವು ಎಂದು ಅಮ್ಮ ಹೇಳಿದ್ದು ಸುಳ್ಳು. ಮಂಡಿ ಗಟ್ಟಿಯಾಗಿದೆ, ತಡೆಯಲಾಗದ್ದು ಮೂತ್ರ. ವರ್ಷದಿಂದ ಅರ್ಧ ಗಂಟೆಗೊಮ್ಮೆ ಅವಸರ, ಬಚ್ಚಲು ತಲುಪುವಷ್ಟರಲ್ಲಿ ಕೆಲವೊಮ್ಮೆ ಬಟ್ಟೆ ಒದ್ದೆ. ಆರು ಗಂಟೆ ಕಾಲ ಬಸ್ಸಿನಲ್ಲಿ ಹೇಗೆ ಕೂರುತ್ತಾಳೆ? ನಿನಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಳು. ಮುರಿಯುತ್ತಿದ್ದೇನೆ. ಹೆಂಗಸರು ಬಾಯಿ ಮುಚ್ಚಿಕೊಂಡು ಕಾಯಿಲೆ ಸಾಕಿದ್ದು ಇನ್ನು ಸಾಕು.

ನನ್ನ ತಪ್ಪೂ ಇದೆ. ನೀರೇ ಔಷಧ ಎಂಬ ಕರಪತ್ರವೊಂದನ್ನು ನಂಬಿ ಅವಳಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಸಿದೆ. ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆ ಟೈಪ್ ಮಾಡುತ್ತಿದ್ದವಳು ನಡುವೆ ಎದ್ದು ಓಡಿದಳಂತೆ. ಜಡ್ಜು, ವಕೀಲರು, ಆರೋಪಿ ಎಲ್ಲರೂ ಅವಳಿಗಾಗಿ ಕಾದು ಕೂತಿದ್ದರಂತೆ. ಮನೆಗೆ ಬಂದವಳು, “ನಿನ್ನ ನೀರಿನ ಕ್ರಾಂತೀನ ನನ್ನ ಹೊಟ್ಟೇಲಿ ಮಾಡ್ಬೇಡ ಕಣೇ,” ಅಂದಳು. ಮರುದಿನದಿಂದ ನೀರನ್ನೇ ಬಿಟ್ಟಳು. ಉರಿ ಶುರುವಾಯಿತು, ಅವಸರ ಇನ್ನಷ್ಟು ಹೆಚ್ಚಿತು.

ಕೊನೆಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಸೋಂಕಿಲ್ಲವೆಂದು ನೋಡಿ ಅವರು ಫಿಸಿಯೋಥೆರಪಿಸ್ಟ್ ಬಳಿ ಕಳಿಸಿದರು. ಮಾತ್ರೆಯಿಲ್ಲದ ದಾರಿಗಳಲ್ಲಿ ಯಾವುದು ಮೇಲು ಎಂದು ಆಕೆಯನ್ನು ಕೇಳಿದೆ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವಿದೆ. ಗಡಿಯಾರ ನೋಡಿ ಬಚ್ಚಲಿಗೆ ಹೋಗುವ ಹೊತ್ತನ್ನು ಸ್ವಲ್ಪಸ್ವಲ್ಪವೇ ಮುಂದೂಡುವುದಿದೆ. ಪಾದದ ಗಂಟಿನ ಬಳಿ ಸೂಜಿ ಚುಚ್ಚಿ ಸಣ್ಣಗೆ ಕರೆಂಟು ಹಾಯಿಸುವುದೂ ಇದೆ. ಮೂರರಿಂದಲೂ ಹಲವರಿಗೆ ಗುಣ ಕಂಡಿದೆ, ಇಂಥದ್ದೇ ಎಲ್ಲಕ್ಕಿಂತ ಮೇಲು ಎನ್ನಲು ಪುರಾವೆ ಸಾಲದು ಎಂದರು. ನನಗೆ ರೇಗಿತು. ಕರಪತ್ರಗಳು ಹೀಗೆ ತಡವರಿಸುವುದಿಲ್ಲ. ಅಮ್ಮ ಹೊರಗೆ ಬಂದು ನಕ್ಕಳು: “ಗೊತ್ತಿಲ್ಲ ಅಂತ ಒಪ್ಕೊಳ್ಳೋ ಸಾಕ್ಷೀನೇ ನಾನು ನಂಬೋದು.”

ಮನೆಯಲ್ಲೇ ಆಗುವ ಮೊದಲೆರಡನ್ನು ಹಿಡಿದಳು. ಕರೆಂಟನ್ನು ಆಮೇಲೆ ನೋಡೋಣವೆಂದಳು. ನೀರು ಹದವಾಗಿ, ಟೀ ಒಂದೇ ಲೋಟ. ಅವಸರ ಬಂದರೆ ಓಡುವಂತಿಲ್ಲ. ಕೂತಲ್ಲೇ ಬಿಗಿಹಿಡಿದು, ಅದು ಅಡಗಿದ ಮೇಲೆ ನಿಧಾನಕ್ಕೆ ಏಳಬೇಕು. ಮೊದಲ ವಾರ ಎರಡು ಸಲದ ನಡುವೆ ನಲವತ್ತು ನಿಮಿಷ. ಮೂರನೆಯ ವಾರ ಸೋತು ಅತ್ತಳು. ಈಗ ಹತ್ತನೆಯ ವಾರ. ನಿನ್ನೆ ಕೋರ್ಟಿನಲ್ಲಿ ಎರಡೂವರೆ ಗಂಟೆ ನಡೆದ ಪಾಟೀಸವಾಲನ್ನು ಕದಲದೆ ಟೈಪ್ ಮಾಡಿ ಬಂದು, ಚಪ್ಪಲಿ ಕೂಡ ಬಿಡದೆ ನನ್ನನ್ನು ತಬ್ಬಿಕೊಂಡಳು. ಎದೆಯ ಮೇಲಿನ ಕಲ್ಲು ಇಳಿಯಿತು ಅಕ್ಕ. ಬಸ್ಸು ದಾರಿಯಲ್ಲಿ ಎರಡು ಕಡೆ ನಿಲ್ಲುತ್ತದೆ; ಅಷ್ಟು ಸಾಕು ಅವಳಿಗೆ.

ಅವಳು ಬಂದಾಗ ಏನೂ ಗೊತ್ತಿಲ್ಲದವಳ ಹಾಗಿರು.

ನಿನ್ನ
ಬಾಯಿಬಡುಕಿ ತಂಗಿ

ವಿ.ಸೂ.: ಇದು ಅಮ್ಮ ಬರೆಯುತ್ತಿರುವುದು. ಕಾಗದ ಮೇಜಿನ ಮೇಲಿತ್ತು, ಓದಿದೆ. ಹರಿದುಹಾಕೋಣವೆಂದುಕೊಂಡೆ, ಕೈ ಬರಲಿಲ್ಲ. ಎರಡೂವರೆ ಗಂಟೆಯಲ್ಲ, ಎರಡು ಗಂಟೆ ಹತ್ತು ನಿಮಿಷ. ಉಳಿದದ್ದೆಲ್ಲ ನಿಜ. ಅಂಚೆಗೆ ನಾನೇ ಹಾಕುತ್ತೇನೆ. ಬಸ್ಸಿಳಿದು ಬಂದವಳು ಮೊದಲು ನಿನ್ನ ಬಚ್ಚಲಿಗೆ ಹೋಗುತ್ತೇನೆ, ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡ ಮಗಳೇ.